ಹಣ್ಣೆಲೆಯೂ ಚಿಗುರುತ್ತದೆ

ಹೋದ ತಿಂಗಳು ಯಂಕಂಚಿಯ ನಮ್ಮ ಮನೆಯಲ್ಲಿ ಸಣ್ಣದೊಂದು ಮದುವೆಯಾಯಿತು. ಮದುಮಗಳು ನನ್ನ ತಮ್ಮನ ಮಗಳು. ಮೂರು ವರ್ಷದ ಹಿಂದೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡಿದ್ದಳು. ಊಟದ ಪಂಕ್ತಿ ಮುಗಿದ ಮೇಲೆ ಐದನೆಯ ಇಯತ್ತೆಯ ಮೊಮ್ಮಗಳು ಬಂದು ನನ್ನ ಕಿವಿಯಲ್ಲಿ ಕೇಳಿದಳು: "ಮುತ್ಯಾ, ಅತ್ತಿ ಮೊದಲಿನ ಮಾಮಾನ್ನ ಮರತಾಳೇನು?"

ಆ ಗದ್ದಲದಲ್ಲಿ ಉತ್ತರ ಹೊಳೆಯಲಿಲ್ಲ. ಈ ವಾರ ಇಲ್ಲಿ ಹೇಳುತ್ತೇನೆ.

ನನ್ನ ಅಕ್ಕ ಹತ್ತೊಂಬತ್ತಕ್ಕೇ ವಿಧವೆಯಾಗಿ ತವರಿಗೆ ಬಂದಳು. ಎರಡು ವರ್ಷದ ನಂತರ, ಹೆಂಡತಿ ತೀರಿಕೊಂಡಿದ್ದ ಒಬ್ಬ ಮಾಸ್ತರರು ಅಕ್ಕನನ್ನು ಕೇಳಿಕೊಂಡು ಹಿರಿಯರನ್ನು ಕಳಿಸಿದರು. ನಮ್ಮ ಭಾಗದ ಎಷ್ಟೋ ಸಮುದಾಯಗಳಲ್ಲಿ 'ಉಡಿಕಿ' ಎಂಬ ಮರುಮದುವೆ ಇತ್ತು. ವಿಧವೆಯರ ಮರುಮದುವೆಗೆ ಕಾನೂನು ಬಂದದ್ದು 1856ರಲ್ಲಿ. ಆದರೆ ನಮ್ಮ ಮನೆತನದಲ್ಲಿ ಆ ರೂಢಿ ಇರಲಿಲ್ಲ. "ಮಂದಿ ಏನಂತಾರ?" ಎಂದು ಅಪ್ಪ ಬಂದವರನ್ನು ಕಳಿಸಿಬಿಟ್ಟ. ಒಳಗೆ ಅಕ್ಕ ಜೋಳ ಬೀಸುತ್ತಿದ್ದಳು. ಬೀಸುಕಲ್ಲು ಒಂದು ಗಳಿಗೆ ನಿಂತಿತು, ಮತ್ತೆ ತಿರುಗಿತು. ಹೈಸ್ಕೂಲು ಹುಡುಗನಾಗಿದ್ದ ನಾನು ಬಾಗಿಲ ಮರೆಯಲ್ಲಿ ಸುಮ್ಮನೆ ನಿಂತಿದ್ದೆ.

ಅಕ್ಕನಿಗೆ ಓದುವ ಹುಚ್ಚು. ಬ್ಯಾಂಕಿನ ಮೊದಲ ಪಗಾರದಲ್ಲಿ ಅವಳಿಗೆ ತ್ರಿವೇಣಿಯವರ 'ಹಣ್ಣೆಲೆ ಚಿಗುರಿದಾಗ' ತಂದುಕೊಟ್ಟೆ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಮಗಳು, ಹಳೆಯ ನಂಬಿಕೆಯ ಹಟಮಾರಿ ತಂದೆ. ಕೊನೆಗೆ ತಂದೆಯ ಮನಸ್ಸು ಬದಲಾಗಿ ಮಗಳಿಗೆ ಹೊಸ ಬದುಕು ಸಿಗುತ್ತದೆ. 1968ರಲ್ಲಿ ಇದು ಸಿನಿಮಾ ಆಯಿತು. ರಾಜಕುಮಾರ್, ಕಲ್ಪನಾ, ಆರ್. ನಾಗೇಂದ್ರರಾವ್ ಇದ್ದರು. ಅಜ್ಜ-ಅಜ್ಜಿಯರಿಗೆ ನೆನಪಿರಬೇಕು.

ಓದಿ ಮುಗಿಸಿದ ಅಕ್ಕ ಒಂದೇ ಮಾತು ಹೇಳಿದಳು: "ಇದನ್ನ ನಾ ಅಲ್ಲ, ಅಪ್ಪ ಓದಬೇಕಿತ್ತು."

ತ್ರಿವೇಣಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ 'ಶರಪಂಜರ'ದ ಕಾವೇರಿಗೆ ಮನಸ್ಸಿನ ಕಾಯಿಲೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಎಲ್ಲರೂ ಅವಳನ್ನು ಹಳೆಯ ಕಣ್ಣಿನಿಂದಲೇ ನೋಡುತ್ತಾರೆ. ಅವಳು ಮತ್ತೆ ಕುಸಿಯುತ್ತಾಳೆ. ಈ ಎರಡೂ ಕಾದಂಬರಿ ಓದಿದರೆ ಒಂದು ಮಾತು ತಿಳಿಯುತ್ತದೆ. ನೊಂದವರು ಚೇತರಿಸಿಕೊಳ್ಳಲು ಅವರ ಧೈರ್ಯವೊಂದೇ ಸಾಲದು, ಸುತ್ತಲಿನವರ ಮನಸ್ಸೂ ಬದಲಾಗಬೇಕು. 1899ರಷ್ಟು ಹಿಂದೆಯೇ ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ'ಯಲ್ಲಿ ಎಳೆಯ ವಿಧವೆಗೆ ಓದು ಕೊಡಿಸಿ, ಮದುವೆಯನ್ನೂ ಮಾಡಿಸಿದ್ದರು.

ಇಷ್ಟೆಲ್ಲ ಓದಿಕೊಂಡ ನಾನೇನು ಮಾಡಿದೆ? ತಮ್ಮನ ಮಗಳಿಗೆ ಸಂಬಂಧ ಬಂದಾಗ ಮನೆಯ ಹಿರಿಯ ನಾನೇ. "ಸ್ವಲ್ಪ ತಡೀರಿ, ಮಂದಿ ಏನಂತಾರ..." ಎಂದುಬಿಟ್ಟೆ. ಮೂಲೆಯಲ್ಲಿ ಜಪಮಣಿ ಹಿಡಿದು ಕೂತಿದ್ದ ಎಂಬತ್ತರ ಅಕ್ಕ ತಲೆಯೆತ್ತಿದಳು. "ಅಪ್ಪನ ಮಾತು ನಿನ್ನ ಬಾಯಾಗ ಬಂತಲ್ಲೋ ತಮ್ಮಾ," ಅಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅದಕ್ಕೇ ನನಗೆ ಹೆಚ್ಚು ತಾಗಿತು. ಮರುದಿನ ನಾನೇ ಹೋಗಿ ಹುಡುಗನ ಮನೆಯವರಿಗೆ ಒಪ್ಪಿಗೆ ತಿಳಿಸಿ ಬಂದೆ.

ಇನ್ನು ಮೊಮ್ಮಗಳ ಪ್ರಶ್ನೆ. ಪುಟ್ಟಿ, ಬ್ಯಾಂಕಿನ ಲೆಡ್ಜರಿನಲ್ಲಿ ಬರೆದದ್ದನ್ನು ಕೆರೆದು ಅಳಿಸುವಂತಿರಲಿಲ್ಲ. ಹಳೆಯ ಪುಟವನ್ನು ಹರಿದು ಹಾಕುವಂತೆಯೂ ಇರಲಿಲ್ಲ. ಅದರ ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ದು ಬರೆಯುತ್ತಿದ್ದೆವು. ನಿಮ್ಮ ಅತ್ತಿ ಮೊದಲಿನ ಮಾಮಾನನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಅವಳು ಹೊಸ ಪುಟ ತೆಗೆದಿದ್ದಾಳೆ, ಅಷ್ಟೇ.

ಮದುವೆಯಲ್ಲಿ ಮೊದಲ ಅಕ್ಷತೆ ಹಾಕಿದವಳು ಅಕ್ಕ. ಅವಳ ಪುಟ ಖಾಲಿ ಉಳಿದದ್ದಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ.

ಮಕ್ಕಳೇ, ನಿಮ್ಮ ಮನೆಯ ಅಜ್ಜಿಗೆ ಯಾವ ಕಾದಂಬರಿ ಇಷ್ಟ? ಈ ರವಿವಾರ ಕೇಳಿ ನೋಡಿ.