ಜನಾಝಾಕ್ಕೆ ಮೊದಲಿನ ಹೊಣೆ

ಒಂದು ಮನೆಯಲ್ಲಿ ಸಾವು ಸಂಭವಿಸಿದರೆ ಜಮಾಅತ್ತಿಗೆ ಅದರ ಕರ್ತವ್ಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ನಾನ ಮಾಡಿಸುವವರು ಬರುತ್ತಾರೆ, ಕಫನ್ ಸಿದ್ಧವಾಗುತ್ತದೆ, ಹೆಗಲು ಕೊಡಲು ಅಪರಿಚಿತರೂ ಮುಂದಾಗುತ್ತಾರೆ. ಆದರೆ ಅದೇ ವ್ಯಕ್ತಿ ಎರಡು ತಿಂಗಳು ಹಾಸಿಗೆ ಹಿಡಿದಿದ್ದಾಗ ಆತನ ಮಗ್ಗುಲು ತಿರುಗಿಸಲು ಎಷ್ಟು ಕೈಗಳಿದ್ದವು? ಕುಮಾರ ಪಾರ್ಕ್, ಶೇಷಾದ್ರಿಪುರಂಗಳಂತಹ ಹಳೆಯ ಬಡಾವಣೆಗಳಲ್ಲಿ ಯಾಸೀನ್ ಓದಲು ಕರೆ ಬಂದಾಗ ನನ್ನಂತಹ ಮದ್ರಸಾ ಅಧ್ಯಾಪಕರು ಅನೇಕ ಸಲ ಕಾಣುವುದು ಒಬ್ಬ ರೋಗಿಯನ್ನಲ್ಲ, ಇಬ್ಬರನ್ನು: ಮಂಚದ ಮೇಲಿರುವವರು ಒಬ್ಬರು, ವಾರಗಟ್ಟಲೆ ನಿದ್ದೆಗೆಟ್ಟು ಪಕ್ಕದಲ್ಲಿ ಕುಳಿತಿರುವ ಮಡದಿಯೋ ಸೊಸೆಯೋ ಇನ್ನೊಬ್ಬರು.

ಶುಶ್ರೂಷೆಯನ್ನು ನಾವು ಮನೆಯ ಹೆಂಗಸರ ಪಾಲಿನ ಕೆಲಸವೆಂದು ಭಾವಿಸಿದ್ದೇವೆ. ಪ್ರವಾದಿ(ಸ)ರ ಚರ್ಯೆ ಹಾಗಿರಲಿಲ್ಲ. ಬದ್ರ್‌ಗೆ ಹೊರಡುವ ಹೊತ್ತಿನಲ್ಲಿ ಪ್ರವಾದಿಪುತ್ರಿ ರುಖಯ್ಯಾ(ರ) ತೀವ್ರ ಅಸ್ವಸ್ಥರಾಗಿದ್ದರು. ಪತಿ ಉಸ್ಮಾನ್(ರ)ರು ಆಕೆಯ ಬಳಿಯಲ್ಲೇ ಉಳಿಯಬೇಕೆಂದೂ ಬದ್ರ್‌ನಲ್ಲಿ ಭಾಗವಹಿಸಿದವನ ಪುಣ್ಯವೂ ಪಾಲೂ ಅವರಿಗಿದೆಯೆಂದೂ ಪ್ರವಾದಿ(ಸ)ರು ತಿಳಿಸಿದುದನ್ನು ಬುಖಾರಿ ವರದಿ ಮಾಡಿದ್ದಾರೆ. ರುಖಯ್ಯಾ(ರ) ಬದುಕಿ ಉಳಿಯಲಿಲ್ಲ. ಆದರೂ ಆ ಶುಶ್ರೂಷೆ ವ್ಯರ್ಥವೆಂದು ಎಣಿಕೆಯಾಗಲಿಲ್ಲ. ಗುಣವಾಗದ ರೋಗಿಯ ಸೇವೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ?

ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆಝ್(ರ)ರಿಗೆ ಡೇರೆ ಹಾಕಿಸಿದ್ದು ಮಸೀದಿಯ ಆವರಣದಲ್ಲಿಯೇ. ಗಾಯಾಳುಗಳನ್ನು ಉಪಚರಿಸುತ್ತಿದ್ದ ರುಫೈದಾ(ರ) ಎಂಬ ಮಹಿಳೆಯ ಆರೈಕೆಯಲ್ಲಿ ಅವರಿದ್ದರು. ಪ್ರವಾದಿ(ಸ)ರು ಅವರ ಬಳಿ ಸಾಗುವಾಗಲೆಲ್ಲ ಯೋಗಕ್ಷೇಮ ವಿಚಾರಿಸುತ್ತಿದ್ದರು. ಸಅದ್(ರ) ಅದೇ ಗಾಯದಿಂದ ಅಲ್ಲಾಹನೆಡೆಗೆ ಮರಳಿದರು. ಮರಣಾಸನ್ನನ ಹಾಸಿಗೆಗೆ ಮಸೀದಿಯಲ್ಲಿ ಸ್ಥಳವಿತ್ತು ಎಂಬುದನ್ನು ನಮ್ಮ ಮಸೀದಿ ಸಮಿತಿಗಳು ಗಮನಿಸಬೇಕು.

ಆರೈಕೆಯೆಂದರೆ ಒತ್ತಾಯವಲ್ಲ. ಪ್ರವಾದಿ(ಸ)ರ ಕೊನೆಯ ಕಾಯಿಲೆಯಲ್ಲಿ ಅವರು ಬೇಡವೆಂದು ಸನ್ನೆ ಮಾಡಿದರೂ ಮನೆಯವರು ಬಾಯಿಗೆ ಔಷಧ ಹಾಕಿದರು. ರೋಗಿಗೆ ಔಷಧವೆಂದರೆ ಸಹಜವಾಗಿಯೇ ಬೇಸರ ಎಂದು ಅವರು ಭಾವಿಸಿದ್ದರು. ಎಚ್ಚರವಾದಾಗ ಪ್ರವಾದಿ(ಸ)ರು ಅದನ್ನು ಆಕ್ಷೇಪಿಸಿದರು. ರೋಗಿಗಳಿಗೆ ಬಲವಂತವಾಗಿ ಉಣಿಸಬಾರದೆಂಬ ಬೋಧನೆಯೂ ತಿರ್ಮಿದಿಯಲ್ಲಿದೆ. ಪ್ರೀತಿಯ ಹೆಸರಿನಲ್ಲಿ ಗಂಜಿಯನ್ನು ಬಾಯಿಗೆ ತುರುಕುವ ಬದಲು ಒದ್ದೆ ಹತ್ತಿಯಿಂದ ತುಟಿ ತೇವಗೊಳಿಸುವುದು, ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸುವುದು, ಆತನ ಮರ್ಯಾದೆ ಕಾಪಾಡಿ ಮೈ ಒರೆಸುವುದು, ನೀರು ತಾಗಿಸಲಾಗದಿದ್ದರೆ ತಯಮ್ಮುಮ್ ಮಾಡಿಸಿ ಮಲಗಿದಲ್ಲೇ ನಮಾಝ್‌ಗೆ ನೆರವಾಗುವುದು: ಇವು ನಿಜವಾದ ಸೇವೆ. ಕಲಿಮಾವನ್ನೂ ಮೃದುವಾಗಿ ನೆನಪಿಸಬೇಕು. ಒಮ್ಮೆ ಹೇಳಿದ ಮೇಲೆ ಮತ್ತೆ ಮತ್ತೆ ಹೇಳಿಸಿ ಬೇಸರಪಡಿಸಬಾರದೆಂದು ವಿದ್ವಾಂಸರು ಎಚ್ಚರಿಸಿದ್ದಾರೆ.

ಜೀವವನ್ನು ಬೇಗ ಮುಗಿಸುವುದನ್ನು ಇಸ್ಲಾಮ್ ನಿಷೇಧಿಸಿದೆ. ಸಾವನ್ನು ಹಾರೈಸುವುದನ್ನೂ ಅದು ಇಷ್ಟಪಡುವುದಿಲ್ಲ. ಹಾಗಾದರೆ ನೋವಿನಿಂದ ನರಳುವವನ ಸಂಕಟವನ್ನು ತಗ್ಗಿಸುವ ಹೊಣೆ ನಮ್ಮ ಮೇಲೆ ಇನ್ನಷ್ಟು ಹೆಚ್ಚಾಗುತ್ತದೆ. ಸಹನೆಯ ಉಪದೇಶ ಔಷಧಕ್ಕೆ ಬದಲಿಯಲ್ಲ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಅತ್ಯಗತ್ಯ ಔಷಧ. 1985ರ ಮಾದಕವಸ್ತು ಕಾಯ್ದೆಯಿಂದ ದುರ್ಲಭವಾಗಿದ್ದ ಅದರ ನಿಯಮಗಳನ್ನು 2014ರ ತಿದ್ದುಪಡಿ ಸಡಿಲಿಸಿತು. ವೈದ್ಯರು ಅದನ್ನು ಬರೆದುಕೊಟ್ಟಾಗ ಹರಾಮ್ ಎಂದು ಹೆದರಿಸಿ ರೋಗಿಯನ್ನು ನೋವಿಗೆ ಒಪ್ಪಿಸುವುದು ಧರ್ಮನಿಷ್ಠೆಯಲ್ಲ.

ನಮ್ಮ ನಗರದಲ್ಲಿಯೇ ಇದಕ್ಕೆ ಮಾದರಿಯಿದೆ. 1994ರಲ್ಲಿ ಆರಂಭವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1999ರಿಂದ ಮಾರತ್ತಹಳ್ಳಿಯ ಬಳಿ ಕರುಣಾಶ್ರಯವನ್ನು ನಡೆಸುತ್ತಿದೆ. ಚಿಕಿತ್ಸೆಯ ಹಂತ ಮೀರಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಉಚಿತ ಆರೈಕೆ. ಅದರ ದಾದಿಯರು ಮನೆಗಳಿಗೂ ಹೋಗುತ್ತಾರೆ. ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡ್‌ನ ವೈದ್ಯರು ಆರಂಭಿಸಿದ ಉಪಶಾಮಕ ಆರೈಕೆಯ ಕಾರ್ಯ ಮಲಪ್ಪುರಂನಂತಹ ಜಿಲ್ಲೆಗಳಲ್ಲಿ ನೆರೆಹೊರೆಯ ಸ್ವಯಂಸೇವಕರ ಆಂದೋಲನವಾಯಿತು. 2008ರಲ್ಲಿ ಅಲ್ಲಿನ ಸರಕಾರ ಅದನ್ನೇ ನೀತಿಯಾಗಿ ಅಂಗೀಕರಿಸಿತು. ವೈದ್ಯರಲ್ಲದವರೂ ಅಲ್ಲಿ ತರಬೇತಿ ಪಡೆದು ರೋಗಿಗಳ ಮನೆಬಾಗಿಲು ತಟ್ಟುತ್ತಾರೆ.

ನಮ್ಮ ಜಮಾಅತ್‌ಗಳಿಂದ ಇದು ಏಕೆ ಸಾಧ್ಯವಿಲ್ಲ? ಜನಾಝಾದ ಮಂಚ ಇರಿಸಿಕೊಂಡಿರುವ ಮಸೀದಿಯಲ್ಲಿ ಒಂದು ಗಾಳಿಹಾಸಿಗೆ, ಒಂದು ಗಾಲಿಕುರ್ಚಿಯೂ ಇರಲಿ. ಮಯ್ಯಿತ್ ಸ್ನಾನ ಕಲಿಸುವ ತರಗತಿಯಲ್ಲಿ ಒಬ್ಬ ನರ್ಸ್ ಬಂದು ಜೀವಂತ ರೋಗಿಯನ್ನು ನೋಯಿಸದೆ ಹೊರಳಿಸುವುದನ್ನೂ ಕಲಿಸಲಿ. ಆಕೆ ಯಾವ ಧರ್ಮದವಳಾದರೂ ಸರಿ, ನಮ್ಮ ಗುರುವೇ. ಪುರುಷ ರೋಗಿಗೆ ಪುರುಷರು, ಸ್ತ್ರೀ ರೋಗಿಗೆ ಸ್ತ್ರೀಯರು ಸರದಿಯಂತೆ ವಾರಕ್ಕೆರಡು ಗಂಟೆ ನೀಡಿದರೂ ಸಾಕು. ಆ ಎರಡು ಗಂಟೆಗಳಲ್ಲಿ ಮನೆಯಾಕೆ ನಿದ್ರಿಸಲಿ, ಸ್ನಾನ ಮಾಡಲಿ, ಮನಬಿಚ್ಚಿ ಅಳಲಿ. ತಮ್ಮ ಪುಟ್ಟ ಮಗ ಇಬ್ರಾಹೀಮರ ಅಗಲಿಕೆಯಲ್ಲಿ ಪ್ರವಾದಿ(ಸ)ರ ಕಣ್ಣುಗಳೂ ಹನಿಗೂಡಿದ್ದವು. ಕಣ್ಣೀರು ವಿಶ್ವಾಸದ ಕೊರತೆಯಲ್ಲ.

ಅಂತ್ಯದಿನದಂದು ಅಲ್ಲಾಹನು, ತಾನು ರೋಗಿಯಾಗಿದ್ದಾಗ ನೀನೇಕೆ ಸಂದರ್ಶಿಸಲಿಲ್ಲವೆಂದು ದಾಸನನ್ನು ಪ್ರಶ್ನಿಸುವನೆಂದೂ ರೋಗಿಯ ಬಳಿಗೆ ಹೋಗಿದ್ದರೆ ಅಲ್ಲಿ ತನ್ನನ್ನು ಕಾಣುತ್ತಿದ್ದೆಯೆಂದು ಹೇಳುವನೆಂದೂ ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ. ಸಹೋದರರೇ, ನಿಮ್ಮ ಬೀದಿಯಲ್ಲಿ ಇಂದು ಹಾಸಿಗೆ ಹಿಡಿದಿರುವವರು ಯಾರು? ಅವರ ಜನಾಝಾದ ಘೋಷಣೆಗಾಗಿ ಕಾಯಬೇಡಿ. ಅಲ್ಲಾಹನು ಎಲ್ಲ ರೋಗಿಗಳ ವೇದನೆಯನ್ನು ಹಗುರಗೊಳಿಸಲಿ, ಅವರನ್ನು ಆರೈಕೆ ಮಾಡುವ ಕೈಗಳಿಗೆ ಬಲ ನೀಡಲಿ. ಆಮೀನ್.