ಸಿಪಾಯಿಯ ರೈಫಲು: ಕೊಳ್ಳುವ ಮೊದಲು ನೋಡಬೇಕಾದುದೇನು?

ಭಾರತ ಸರಕಾರವು 2019ರ ಫೆಬ್ರವರಿಯಲ್ಲಿ ಅಮೆರಿಕದ ಸಿಗ್ ಸಾವರ್ ಕಂಪೆನಿಯಿಂದ 72,400 ರೈಫಲುಗಳನ್ನು ಕೊಳ್ಳಲು ಕರಾರು ಮಾಡಿಕೊಂಡಿತು. ಬೆಲೆ ಸುಮಾರು 700 ಕೋಟಿ ರೂಪಾಯಿ. ಎಂದರೆ ಒಂದೊಂದು ರೈಫಲಿಗೆ ಒಂದು ಲಕ್ಷಕ್ಕೆ ತುಸು ಕಡಿಮೆ. 2021ರ ಡಿಸೆಂಬರಿನಲ್ಲಿ ರಷ್ಯದೊಡನೆ ಇನ್ನೊಂದು ಕರಾರಾಗಿ, ಆರು ಲಕ್ಷಕ್ಕೂ ಮಿಕ್ಕಿದ ಎ.ಕೆ.-203 ರೈಫಲುಗಳನ್ನು ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೋರ್ವಾದಲ್ಲಿ ತಯಾರಿಸುವುದೆಂದು ಗೊತ್ತಾಯಿತು. 2024ರಲ್ಲಿ ಸಿಗ್ ಕಂಪೆನಿಗೆ ಮತ್ತೆ ಸುಮಾರು 73,000 ರೈಫಲುಗಳ ಬೇಡಿಕೆ ಹೋಯಿತು. ಎಷ್ಟು ಕೋಟಿ, ಎಷ್ಟು ಸಾವಿರ, ಯಾವ ದೇಶ ಎಂಬ ಮೂರು ಸಂಗತಿಗಳು ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಬಂದವು. ಆ ರೈಫಲನ್ನು ಯಾವ ಬಗೆಯಲ್ಲಿ ಪರೀಕ್ಷಿಸಿ ಕೊಂಡರು ಎಂಬ ನಾಲ್ಕನೆಯ ಸಂಗತಿಗೆ ಮಾತ್ರ ಹೆಚ್ಚು ಸ್ಥಳ ದೊರೆಯಲಿಲ್ಲ. ಕೊಟ್ಟ ಹಣವೂ, ಸಿಪಾಯಿಯ ಪ್ರಾಣವೂ ನಿಂತಿರುವುದು ಆ ನಾಲ್ಕನೆಯದರ ಮೇಲೆಯೇ.

ಇದು ಸೇನಾಧಿಕಾರಿಗಳಿಗೆ ಮಾತ್ರ ತಿಳಿಯುವ ಗೂಢವಿದ್ಯೆಯೇನಲ್ಲ. ಹೋಟೆಲಿಗೆ ಹಿಟ್ಟು ರುಬ್ಬುವ ಯಂತ್ರ ತಂದವರೆಲ್ಲರೂ ಇದನ್ನು ಬಲ್ಲರು. ಅಂಗಡಿಯಲ್ಲಿ ಮಾರುವವನು ಒಂದು ಸೇರು ಉದ್ದನ್ನು ರುಬ್ಬಿ ತೋರಿಸುತ್ತಾನೆ, ಬೆಣ್ಣೆಯಂತೆ ಬರುತ್ತದೆ. ಅದೇ ಯಂತ್ರ ನಮ್ಮ ಅಡುಗೆಮನೆಯಲ್ಲಿ ಬೆಳಗಿನ ಜಾವದಿಂದ, ನಿನ್ನೆ ಊರಿನಿಂದ ಬಂದ ಹುಡುಗನ ಕೈಯಲ್ಲಿ ಹೇಗೆ ತಿರುಗೀತು, ಬೆಲ್ಟು ಹರಿದರೆ ಎಲ್ಲಿ ಸಿಕ್ಕೀತು ಎಂಬುದು ಅಂಗಡಿಯಲ್ಲಿ ತಿಳಿಯದು.

ಅರೆ ಸ್ವಯಂಚಾಲಿತ ರೈಫಲೆಂದರೆ ಏನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಹಳೆಯ .303 ರೈಫಲಿನಲ್ಲಿ ಒಂದು ಗುಂಡು ಹಾರಿಸಿದ ಮೇಲೆ ಸಿಪಾಯಿಯು ಬೋಲ್ಟನ್ನು ಕೈಯಿಂದ ಎಳೆದು, ನೂಕಿ, ಮತ್ತೆ ಗುರಿ ಹಿಡಿಯಬೇಕು. ಅರೆ ಸ್ವಯಂಚಾಲಿತದಲ್ಲಿ ಸಿಡಿದ ಮದ್ದಿನ ಬಲವೇ ಖಾಲಿ ಕವಚವನ್ನು ಹೊರಗೆಸೆದು ಹೊಸ ತೋಟಾವನ್ನು ಒಳಗೆ ಕೂಡಿಸುತ್ತದೆ. ಒಮ್ಮೆ ಟ್ರಿಗರು ಒತ್ತಿದರೆ ಒಂದು ಗುಂಡು, ಮತ್ತೊಮ್ಮೆ ಒತ್ತಿದರೆ ಮತ್ತೊಂದು. 1962ರಲ್ಲಿ ನೇಫಾದ ಬೆಟ್ಟಗಳಲ್ಲಿ ನಮ್ಮ ಪದಾತಿಗಳ ಕೈಯಲ್ಲಿ ಬಹುಮಟ್ಟಿಗೆ ಇದ್ದುದು .303, ಎದುರಿನ ಚೀನೀ ಸೈನಿಕರ ಕೈಯಲ್ಲಿ ಅರೆ ಸ್ವಯಂಚಾಲಿತ ರೈಫಲುಗಳಿದ್ದವು. ಅಂದಿನ ಸೋಲಿಗೆ ರೈಫಲೊಂದೇ ಕಾರಣವೆನ್ನುವುದು ಸರಿಯಲ್ಲ. ಬೆಚ್ಚನೆಯ ಬಟ್ಟೆಯಿರಲಿಲ್ಲ, ರಸ್ತೆಯಿರಲಿಲ್ಲ, ಮೇಲಿನವರ ಆಜ್ಞೆಗಳಲ್ಲಿ ನಿಲುಕಡೆಯಿರಲಿಲ್ಲ. ಆದರೂ ಬೋಲ್ಟು ಎಳೆಯುವ ಆ ಎರಡು ಕ್ಷಣಗಳ ಬೆಲೆಯನ್ನು ಅಲ್ಲಿ ತೆತ್ತವರುಂಟು.

ಅನಂತರ ಬಂದ ಎಸ್.ಎಲ್.ಆರ್. ರೈಫಲು ಬಂಗಾಳದ ಇಚಾಪುರದ ಕಾರ್ಖಾನೆಯಲ್ಲಿ ತಯಾರಾಯಿತು. ಇದರ ಮೂಲ ಬೆಲ್ಜಿಯಂ ದೇಶದ ಎಫ್.ಎನ್. ಕಂಪೆನಿಯದು. ಬ್ರಿಟಿಷರು ಇದೇ ರೈಫಲನ್ನು ತಮ್ಮ ಸೈನ್ಯಕ್ಕೆ ತೆಗೆದುಕೊಳ್ಳುವಾಗ ಮರಳುಗಾಡಿನ ಧೂಳಿನಲ್ಲಿ ಅದು ಸಿಕ್ಕಿಕೊಳ್ಳುವುದನ್ನು ಕಂಡು, ಒಳಗೆ ಓಡಾಡುವ ಭಾಗದ ಮೇಲೆ ಮರಳು ಜಾರಿಹೋಗಲು ಗೀರುಗಳನ್ನು ಕೊರೆಯಿಸಿದರು. ಮದ್ದಿನ ಮಸಿ ಕಟ್ಟಿಕೊಂಡಾಗ ಅನಿಲದ ಒತ್ತಡವನ್ನು ಹೆಚ್ಚಿಸಲು ಸಿಪಾಯಿಯೇ ತಿರುಗಿಸಬಹುದಾದ ಒಂದು ಕೀಲು ಅದರಲ್ಲಿ ಮೊದಲೇ ಇತ್ತು. ಪರೀಕ್ಷೆಯೆಂದರೆ ಇಂಥದು. ಕೊಳ್ಳುವವನು ತನ್ನ ನೆಲದ ಧೂಳನ್ನು ತಾನೇ ತಂದು ಸುರಿದು ನೋಡಬೇಕು. ಭಾರವಾದ, ಉದ್ದವಾದ ಆ ರೈಫಲನ್ನು ಹೊತ್ತವರು ಗೊಣಗುತ್ತಿದ್ದರು. ಆದರೆ ಕೈಕೊಟ್ಟಿತೆಂದು ದೂರಿದವರು ಕಡಮೆ.

ಪರೀಕ್ಷೆಯಲ್ಲಿ ಗೆದ್ದ ರೈಫಲು ರಣದಲ್ಲಿ ಸೋತ ಕಥೆಗೆ ಅಮೆರಿಕದ ಎಂ-16ಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಹಗುರವಾದ, ಅಂದಿಗೆ ಅತಿ ನವೀನವಾದ ಈ ರೈಫಲನ್ನು ವಿಯೆಟ್ನಾಮಿಗೆ ಕಳುಹಿಸಿದರು. ಕಾಳಗದ ನಡುವೆ ಖಾಲಿ ಕವಚಗಳು ಒಳಗೇ ಸಿಕ್ಕಿಕೊಳ್ಳತೊಡಗಿದವು. ಸಿಪಾಯಿಗಳು ಮನೆಗೆ ಕಾಗದ ಬರೆದರು; 1967ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಉಪಸಮಿತಿಯೊಂದು ವಿಚಾರಣೆ ನಡೆಯಿಸಿತು. ಹೊರಬಿದ್ದ ಸಂಗತಿ ಇದು: ರೈಫಲನ್ನು ಮೊದಲು ರೂಪಿಸಿ ಪರೀಕ್ಷಿಸಿದ್ದು ಒಂದು ಬಗೆಯ ಮದ್ದು ತುಂಬಿದ ತೋಟಾಗಳಿಂದ, ಯುದ್ಧಕ್ಕೆ ಕಳುಹಿಸಿದ್ದು ಬೇರೊಂದು ಮದ್ದು ತುಂಬಿದ ತೋಟಾಗಳನ್ನು. ಹೊಸ ಮದ್ದಿನಿಂದ ಗುಂಡು ಹಾರುವ ವೇಗ ಹೆಚ್ಚಿತು, ಮಸಿಯೂ ಹೆಚ್ಚಿತು. ಸಾಲದುದಕ್ಕೆ, ಇದನ್ನು ಹೆಚ್ಚು ಶುಚಿಮಾಡಬೇಕಾಗಿಲ್ಲವೆಂಬ ಪ್ರಚಾರ ನಡೆದು, ಶುಚಿಮಾಡುವ ಸಾಮಾನು ಕೂಡ ಎಷ್ಟೋ ಜನರಿಗೆ ತಲುಪಿರಲಿಲ್ಲ. ಮುಂದೆ ತೋಟಾ ಕೂಡುವ ಕೋಣೆಗೆ ಕ್ರೋಮಿಯಂ ಲೇಪ ಕೊಟ್ಟು, ಮದ್ದನ್ನು ಸರಿಪಡಿಸಿ, ಸಾಮಾನು ಹಂಚಿದ ಮೇಲೆ ಅದೇ ರೈಫಲು ಚೆನ್ನಾಗಿ ನಡೆಯಿತು. ತೋಟಾವನ್ನು ಬಿಟ್ಟು ರೈಫಲಿಗೆ ಬೇರೆಯಾಗಿ ಯೋಗ್ಯತಾಪತ್ರ ಕೊಡುವಂತಿಲ್ಲ ಎಂಬುದನ್ನು ಅಷ್ಟು ಶ್ರೀಮಂತವಾದ ದೇಶ ತನ್ನ ಮಕ್ಕಳನ್ನು ಕಳೆದುಕೊಂಡು ಕಲಿಯಬೇಕಾಯಿತು.

ನಮ್ಮ ಪಾಠವೂ ಅಗ್ಗವಾಗಿ ಬರಲಿಲ್ಲ. ಪುಣೆಯ ಶಸ್ತ್ರಾಸ್ತ್ರ ಸಂಶೋಧನ ಸಂಸ್ಥೆಯಲ್ಲಿ ರೂಪುಗೊಂಡ ಇನ್‌ಸಾಸ್ ರೈಫಲು 1990ರ ದಶಕದಲ್ಲಿ ಸೈನ್ಯಕ್ಕೆ ಬಂತು. 1999ರಲ್ಲಿ ಕಾರ್ಗಿಲಿನ ಶಿಖರಗಳಲ್ಲಿ, ಹದಿನೈದು ಹದಿನಾರು ಸಾವಿರ ಅಡಿಗಳ ಚಳಿಯಲ್ಲಿ, ಅದರ ಪ್ಲಾಸ್ಟಿಕ್ಕಿನ ಮ್ಯಾಗಜೀನು ಬಿರಿಯುತ್ತದೆಂದೂ, ಹಾರಿಸುವಾಗ ಎಣ್ಣೆ ಕಣ್ಣಿಗೆ ಸಿಡಿಯುತ್ತದೆಂದೂ ದೂರುಗಳು ಬಂದವು. ಇನ್‌ಸಾಸನ್ನು ಹೀಗಳೆಯುವುದು ಇತ್ತೀಚೆಗೆ ಒಂದು ರೂಢಿಯಾಗಿಬಿಟ್ಟಿದೆ; ನಾವು ಅದಕ್ಕೆ ದನಿಗೂಡಿಸುವುದಿಲ್ಲ. ದೇಶದಲ್ಲೇ ರೂಪಿಸಿ ಲಕ್ಷಗಟ್ಟಲೆ ತಯಾರಿಸಿದ್ದು ಸಣ್ಣ ಕೆಲಸವಲ್ಲ. ಆದರೆ ತೋಟಾ ಇಡುವ ಪೆಟ್ಟಿಗೆ ಚಳಿಗೆ ಬಿರಿಯುತ್ತದೆಂಬುದು ಯುದ್ಧಕ್ಕೆ ಮೊದಲೇ, ಹಿಮದಲ್ಲಿ ನಾಲ್ಕು ವಾರ ಇಟ್ಟು ನೋಡಿದ್ದರೆ ತಿಳಿಯಬೇಕಾದ ಮಾತು.

ಮುಂದೆ ತಪ್ಪು ಇನ್ನೊಂದು ತುದಿಗೆ ಹೋಯಿತು. 2011ರಲ್ಲಿ ಸೈನ್ಯವು ನಳಿಗೆ ಬದಲಿಸಿದರೆ ಎರಡು ಬಗೆಯ ತೋಟಾಗಳನ್ನು ಹಾರಿಸಬಲ್ಲ ರೈಫಲು ಬೇಕೆಂದು ಟೆಂಡರು ಕರೆಯಿತು. ಕಾಗದದ ಮೇಲೆ ಗುಣಗಳ ಪಟ್ಟಿ ಬೆಳೆಯಿತು. ನಾಲ್ಕು ವರ್ಷ ಕಳೆದು 2015ರಲ್ಲಿ ಟೆಂಡರೇ ರದ್ದಾಯಿತು. 2017ರಲ್ಲಿ ಇಚಾಪುರದ ಹೊಸ ರೈಫಲು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಇಷ್ಟು ಕಾಲ ಕಳೆದ ಮೇಲೆ 2019ರ ಖರೀದಿಯು ತುರ್ತುಕ್ರಮದ ಹಾದಿಯಲ್ಲಿ ನಡೆಯಿತು. ವರ್ಷಗಟ್ಟಲೆ ಆರಿಸುತ್ತ ಕೂತವನು ಕೊನೆಗೆ ಸಂತೆ ಮುಗಿಯುವ ಹೊತ್ತಿಗೆ ಸಿಕ್ಕಿದ್ದನ್ನು ಹೊತ್ತು ಬರುವಂತೆ ಇದು ತೋರಿದರೆ ಆಶ್ಚರ್ಯವಿಲ್ಲ. ಗಡಿಯ ಸಿಪಾಯಿಯ ಅಗತ್ಯ ನಿಜವಾದುದು, ರೈಫಲೂ ಹೆಸರುವಾಸಿಯಾದುದು ಎಂಬುದನ್ನು ಒಪ್ಪೋಣ.

ಆದರೆ ಲೆಕ್ಕ ಇಲ್ಲಿಗೆ ಮುಗಿಯದು. ಸಿಗ್ ರೈಫಲಿನ ತೋಟಾ 7.62×51 ಮಿ.ಮೀ., ಹಳೆಯ ಎಸ್.ಎಲ್.ಆರ್.ನ ಅಳತೆಯೇ. ಎ.ಕೆ.-203ರದು 7.62×39, ವ್ಯಾಸ ಒಂದೇ ಆದರೂ ಒಂದರದು ಇನ್ನೊಂದಕ್ಕೆ ಕೂಡದು. ಇನ್‌ಸಾಸಿನದು 5.56×45. ಮೊದಲನೆಯ ಬಗೆಯ ನೂರು ತೋಟಾಗಳ ತೂಕ ಸುಮಾರು ಎರಡೂವರೆ ಕಿಲೋ. ಕೊನೆಯದರ ನೂರು ಅದರ ಅರ್ಧ. ದೊಡ್ಡ ತೋಟಾ ದೂರದವರೆಗೆ ಬಲವಾಗಿ ಹೊಡೆಯುತ್ತದೆ, ನಿಜ. ಆದರೆ ಬೆನ್ನ ಮೇಲೆ ಅಷ್ಟೇ ಭಾರಕ್ಕೆ ಅರ್ಧದಷ್ಟು ಗುಂಡುಗಳು ಮಾತ್ರ. ಹಿಮದ ಠಾಣೆಗೆ ಕತ್ತೆಯ ಮೇಲೋ ಕೂಲಿಯ ಬೆನ್ನಿನ ಮೇಲೋ ಸಾಮಾನು ಏರುವ ಕಡೆ ಇದು ಸಣ್ಣ ಲೆಕ್ಕವಲ್ಲ. ಮೂರು ಬಗೆಯ ತೋಟಾಗಳೆಂದರೆ ಉಗ್ರಾಣದಲ್ಲಿ ಮೂರು ರಾಶಿ, ಮೂರು ದಾಸ್ತಾನು ಪುಸ್ತಕ. ಒಂದು ರಾಶಿ ಬೇರೆ ಠಾಣೆಗೆ ಹೋಗಿಬಿಟ್ಟರೆ ಕೈಯಲ್ಲಿರುವುದು ಲಕ್ಷ ರೂಪಾಯಿಯ ದೊಣ್ಣೆ. ಗುಮಾಸ್ತರಾಗಿ ಕೆಲಸ ಮಾಡುವ ನಮ್ಮ ಓದುಗರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೈಫಲನ್ನು ಒಮ್ಮೆ ಕೊಳ್ಳುತ್ತೇವೆ. ತೋಟಾವನ್ನು, ಅಭ್ಯಾಸಕ್ಕೂ ಕಾಳಗಕ್ಕೂ, ಮೂವತ್ತು ವರ್ಷ ಕೊಳ್ಳುತ್ತಿರುತ್ತೇವೆ. ಪುಣೆಯ ಖಡಕಿಯಲ್ಲಿ 1869ರಿಂದ ತೋಟಾ ಕಾರ್ಖಾನೆಯಿದೆ. ಆ ರಸ್ತೆಯಲ್ಲಿ ಓಡಾಡುವ ಕನ್ನಡಿಗರು ಅದರ ಗೋಡೆಯನ್ನು ದಿನವೂ ಕಾಣುವರು. ಹೊರದೇಶದ ರೈಫಲನ್ನು ಪರೀಕ್ಷಿಸುವಾಗ ಹೊರದೇಶದ ತೋಟಾಗಳನ್ನು ಹಾರಿಸಿದರೆ ಸಾಲದು. ಸಿಪಾಯಿಗೆ ಮುಂದೆ ನಿಜವಾಗಿ ಸಿಗಲಿರುವ ನಮ್ಮ ಕಾರ್ಖಾನೆಗಳ ತೋಟಾಗಳನ್ನೇ, ರಾಜಸ್ಥಾನದ ಧೂಳಿನಲ್ಲೂ ಲಡಾಖಿನ ಚಳಿಯಲ್ಲೂ, ಹೊಸದಾಗಿ ಭರ್ತಿಯಾದ ಹುಡುಗರ ಕೈಯಿಂದ ಸಾವಿರಗಟ್ಟಲೆ ಹಾರಿಸಿ ನೋಡಬೇಕು. ಎಷ್ಟು ಹಾರಿಸಿದರು, ಎಷ್ಟು ಸಲ ಸಿಕ್ಕಿಕೊಂಡಿತು, ಒಡೆದ ಭಾಗ ಎಷ್ಟು ದಿನಕ್ಕೆ ಬಂತು? ಮುಂದಿನ ಖರೀದಿಯ ಮಾತು ಲೋಕಸಭೆಗೆ ಬಂದಾಗ, ಕೋಟಿಗಳ ಲೆಕ್ಕ ಕೇಳುವ ಸದಸ್ಯರು ಈ ಮೂರು ಲೆಕ್ಕಗಳನ್ನೂ ಮಂತ್ರಿಗಳಿಂದ ಕೇಳಿ ಪಡೆಯಲಿ.