ಗಿಡ ಕಾಣದ ಗುಡ್ಡ ಖಾಲಿಯಲ್ಲ

ದಾಸವಾಳ, ಬೆಂಡೆ, ಹತ್ತಿಗಳ ಕುಟುಂಬಕ್ಕೆ ಸೇರಿದ ಅಪರೂಪದ ಕಾಡುಹೂವೊಂದು ಕ್ಯಾಲಿಫೋರ್ನಿಯಾದ ಕರಾವಳಿ ಬೆಟ್ಟಗಳಲ್ಲಿದೆ. ಹೆಸರು ಹಿಕ್‌ಮನ್ ಚೆಕರ್‌ಬ್ಲೂಮ್. ಅದರ ಬಂಧುಗಳಲ್ಲಿ ಹಲವಕ್ಕೆ ಆಳವಾಗಿ ಸೀಳಿದ ಎಲೆಯಾದರೆ ಇದಕ್ಕೆ ದುಂಡನೆಯ ಎಲೆ, ಅಂಚಿನಲ್ಲಿ ಮೊಂಡು ಹಲ್ಲು, ಮೈಮೇಲೆ ನಕ್ಷತ್ರದಾಕಾರದ ಸಣ್ಣ ರೋಮ. ಐದೆಸಳಿನ ನಸುಗೆಂಪು ಹೂವಿನ ನಡುವೆ ಕೇಸರಗಳೆಲ್ಲ ಕೂಡಿ ಒಂದೇ ಕಂಬವಾಗಿ ನಿಂತಿರುವುದನ್ನು ಕಂಡರೆ ದಾಸವಾಳದ ನಂಟು ಯಾರಿಗಾದರೂ ತಿಳಿಯುತ್ತದೆ.

ಈ ಗಿಡ ಬೆಂಕಿಯ ಬೆನ್ನಿಗೆ ಬರುವಂಥದ್ದು. ಅಲ್ಲಿನ ಗುಡ್ಡಗಳನ್ನು ಹೊದ್ದಿರುವುದು ಚಾಪರಲ್ ಎಂಬ ದಟ್ಟ ಕುರುಚಲು ಕಾಡು. ಪೊದೆಗಳು ಬೆಳೆದು ಮುಚ್ಚಿಕೊಂಡಂತೆಲ್ಲ ಬಿಸಿಲಿಲ್ಲದೆ ಈ ಗಿಡಗಳು ಕಡಿಮೆಯಾಗುತ್ತವೆ. ಗಟ್ಟಿ ಸಿಪ್ಪೆಯ ಬೀಜ ಮಾತ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು, ಪೊದೆ ಸುಟ್ಟು ನೆಲ ತೆರೆದಾಗ ಮೊಳೆಯುತ್ತದೆ. ಹೀಗಿರುವಾಗ ಒಂದು ವಸಂತದಲ್ಲಿ ಸುತ್ತಾಡಿ ಬಂದು, ಇಲ್ಲಿ ಅಂಥ ಗಿಡವೇ ಇಲ್ಲ ಎಂದು ಬರೆದುಕೊಟ್ಟ ವರದಿಗೆ ಎಷ್ಟು ಬೆಲೆ? ಅದನ್ನು ನಂಬಿ, ಕಾಳ್ಗಿಚ್ಚು ಹರಡದಂತೆ ಪೊದೆ ತೆಗೆದ ಬರಿನೆಲದ ಪಟ್ಟಿ, ಅಂದರೆ ಬೆಂಕಿರೇಖೆ, ಕಡಿಯಲು ಬುಲ್ಡೋಜರ್ ಇಳಿಸಿದರೆ ಮೇಲ್ಮಣ್ಣಿನ ಜೊತೆ ಮುಂದಿನ ಪೀಳಿಗೆಯೂ ಹೋಯಿತು.

ಬೆಂಕಿ ಬೇಕು ಎಂದರೆ ಪದೇಪದೇ ಬೇಕೆಂದಲ್ಲ. ಚಾಪರಲ್ ಸಹಜವಾಗಿ ಸುಡುವುದು ದಶಕಗಳಿಗೊಮ್ಮೆ. ಈಗ ಮನುಷ್ಯರ ಕಿಡಿಯಿಂದ ಕೆಲವೇ ವರ್ಷಗಳಲ್ಲಿ ಮತ್ತೆ ಉರಿಯುವ ಗುಡ್ಡಗಳಿವೆ. ಅಲ್ಲಿ ಎಳೆಯ ಗಿಡ ಸಾಕಷ್ಟು ಬೀಜ ಕಟ್ಟುವ ಮೊದಲೇ ಬೂದಿಯಾಗಿ, ಹೊರದೇಶದ ಹುಲ್ಲು ನೆಲ ಹಿಡಿಯುತ್ತದೆ. ಹಿಂದಿನ ಶತಮಾನದಲ್ಲಂತೂ ಮಣ್ಣು ಕೊಚ್ಚಿಹೋಗದಿರಲೆಂದು ಸುಟ್ಟ ಇಳಿಜಾರುಗಳ ಮೇಲೆ ರೈಹುಲ್ಲಿನ ಬೀಜವನ್ನು ವಿಮಾನದಿಂದ ಎರಚಿದರು. ಉದ್ದೇಶ ಒಳ್ಳೆಯದೇ, ಆದರೆ ನಾಡಗಿಡಗಳ ಮೊಳಕೆಗೆ ಸಲ್ಲಬೇಕಿದ್ದ ಜಾಗವನ್ನು ಆ ಹುಲ್ಲು ತಿಂದಿತು.

ಸ್ಯಾನ್ ಲೂಯಿಸ್ ಒಬಿಸ್ಪೊ ಬಳಿಯ ಕ್ವೆಸ್ಟಾ ಬೆಟ್ಟಸಾಲಿನಲ್ಲಿರುವ ಹಿಕ್‌ಮನ್ ಚೆಕರ್‌ಬ್ಲೂಮ್‌ನ ಉಪಪ್ರಭೇದವನ್ನು ರಾಜ್ಯ ಸರ್ಕಾರ ಅಪರೂಪದ ಸಸ್ಯವೆಂದು ಕಾನೂನಿನ ಪಟ್ಟಿಗೆ ಸೇರಿಸಿದೆ. 1994ರ ದೊಡ್ಡ ಕಾಳ್ಗಿಚ್ಚು ಆ ಬೆಟ್ಟಸಾಲನ್ನೂ ಸುಟ್ಟಿತ್ತು. ಪೊದೆಗಳು ಮತ್ತೆ ಮೇಲೇಳುತ್ತಿದ್ದಂತೆ ಗಿಡ ಕಣ್ಣಿಗೆ ಬೀಳುವುದು ಕಡಿಮೆಯಾಗುವುದು ಅದರ ಸಹಜ ಬಾಳು, ಅಳಿವಿನ ಪುರಾವೆಯಲ್ಲ.

ಊರುಗಳನ್ನು ಉಳಿಸಲು ಬೆಂಕಿರೇಖೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಅದನ್ನು ಎಲ್ಲಿ ಕಡಿಯಬೇಕೆಂದು ತೀರ್ಮಾನಿಸುವವರು ಆ ವರ್ಷದ ಸಮೀಕ್ಷೆಯೊಂದನ್ನೇ ನೋಡಿದರೆ ಸಾಲದು. ಒಣಗಿಸಿದ ಸಸ್ಯಗಳ ಸಂಗ್ರಹವಾದ ಹರ್ಬೇರಿಯಂನ ಹಳೆಯ ಹಾಳೆಗಳನ್ನೂ ಆ ಗುಡ್ಡ ಕೊನೆಯ ಬಾರಿ ಸುಟ್ಟ ವರ್ಷವನ್ನೂ ಮುಂದಿಟ್ಟುಕೊಳ್ಳಬೇಕು. ಹಿಂದೊಮ್ಮೆ ಈ ಹೂವು ದಾಖಲಾದ ಜಾಗವಾದರೆ, ಈಗ ಒಂದು ಗಿಡವೂ ಕಾಣದಿದ್ದರೂ, ಬೆಂಕಿರೇಖೆ ಪಕ್ಕಕ್ಕೆ ಸರಿಯಬೇಕು.